ಎರಡು ದಿನ ತಡ

ಟಾಪನಿಶ್ ಊರಾಚೆ, ಹಳೆಯ ಟೈರಿನಂಗಡಿಯಲ್ಲಿ
ಆರು ಪೀಪಾಯಿಯ ನನ್ನ ಬಿಯರ್ ಕಾರ್ಖಾನೆ.
ಮಧ್ಯಾಹ್ನ ಮೂರಕ್ಕೆ ಅಪ್ಪ ಬಂದ,
ಚರ್ಚಿನಲ್ಲಿ ಕೂರುವ ಹಾಗೆ ಕೂತ,
ಟೋಪಿ ತೊಡೆಯ ಮೇಲೆ.

ಮೂವತ್ತೊಂದು ಸುಗ್ಗಿ ಹಾಪ್ಸ್ ಒಣಗಿಸಿದ ಎಲೆಯುತೇರಿಯೊ,
ಬಿಯರೆಂದರೆ ಅವನಿಗೆ ಡಬ್ಬಿಯದು, ನೀರಿನ ತಮ್ಮ.
ನನ್ನದನ್ನು ಕೊಟ್ಟಾಗಲೆಲ್ಲ ಒಂದೇ ಮಾತು:
'ಈ ನಾತ ಅಂಗಿಗೆ ಸಾಕು, ಹೊಟ್ಟೆಗೂ ಯಾಕೆ?'

ಇವತ್ತು ಯಾಕೋ ಒಪ್ಪಿದ.
ಸುರಿದೆ. ಜೋಳ ತೊಳೆದ ನೀರಿಗೆ ಜೇನು ಕದಡಿದ ಬಣ್ಣ.
ಬೆರಳಗಲ ನೊರೆ, ಏರಲೊಲ್ಲದು, ಇಳಿಯಲೊಲ್ಲದು.

ಇಂಡಿಯಾ ಪೇಲ್ ಏಲ್, ಅಪ್ಪ. ಒಂದೇ ತಳಿಯ ಹಾಪ್ಸ್.
ಹೆಸರಿನ್ನೂ ಇಟ್ಟಿಲ್ಲ, ಐನೂರ ಹದಿನೇಳು ಅನ್ನುತ್ತಾರೆ.
'ನನ್ನ ಪಂಚ್ ಕಾರ್ಡು ನೂರ ನಾಲ್ಕು' ಅಂದ,
ಯಾರೋ ಕೇಳಿದ ಹಾಗೆ.

ನಾಲ್ಕೈದು ತಳಿ ಬೆರೆತಲ್ಲಿ
ಒಂದು ಸುಳ್ಳಾಡಿದರೆ ಇನ್ನೊಂದು ತಲೆಯಾಡಿಸುತ್ತದೆ.
ಇಲ್ಲಿ ಹಾಗಿಲ್ಲ. ಸಾಕ್ಷಿಕಟ್ಟೆಯಲ್ಲಿ ಒಬ್ಬಳೇ.

ನನ್ನ ಚೀಟಿಯಲ್ಲಿ ಬೆಳಿಗ್ಗೆಯೇ ಬರೆದಿದ್ದೆ:
ಮೂಗಿಗೆ ಮೊದಲು ಚಕ್ಕೋತದ ಸಿಪ್ಪೆ,
ಅದರ ಬೆನ್ನಿಗೇ ಪೈನ್ ಮರದ ಅಂಟು,
ಬೆರಳಿಗೆ ಹತ್ತಿದರೆ ಸೀಮೆಎಣ್ಣೆಗೆ ಮಾತ್ರ ಬಗ್ಗುವಂಥದ್ದು.
ಬಾಯಲ್ಲಿ ಬಿಳಿ ಪೀಚು, ಹಣ್ಣಾಗಲು ಇನ್ನೂ ನಾಲ್ಕು ದಿನ ಬೇಕಾದ ಕಾಯಿ.
ಮಾಲ್ಟು ಎಲ್ಲೋ ಕೆಳಗೆ, ರೊಟ್ಟಿಯ ಸೀದ ಅಂಚಿನಷ್ಟು.
ಆಮೇಲೆ ಕಹಿ. ನಾಲಿಗೆಯ ಬುಡದಲ್ಲಿ ಚಾಪೆ ಹಾಸಿ ಕೂತದ್ದು
ನುಂಗಿದ ಮೇಲೂ
ಎದ್ದು ಹೋಗುವ ಮಾತೇ ಆಡುವುದಿಲ್ಲ.

ಅಪ್ಪ ಮೂಸಿದ. ಕುಡಿಯಲಿಲ್ಲ. ಮತ್ತೆ ಮೂಸಿದ.
'ಗೋಣಿ' ಅಂದ.
'ಒಣಗುಮನೆಯ ನೆಲಕ್ಕೆ ಹಾಸುತ್ತಿದ್ದೆವಲ್ಲ, ಒದ್ದೆ ಗೋಣಿ.
ರಾತ್ರಿ ಎರಡರ ಪಾಳಿ. ಬರ್ನರಿನ ಶಾಖ ಮುಖಕ್ಕೆ, ಬೆನ್ನಿಗೆ ಚಳಿ.
ಆಮೇಲೆ ಹಗ್ಗ. ಲಂಕೆಯಿಂದ ಬರುವ ತೆಂಗಿನ ನಾರಿನದು,
ಏಪ್ರಿಲಿನಲ್ಲಿ ಕಟ್ಟೀ ಕಟ್ಟೀ ಬೆರಳೆಲ್ಲ ಬಿರಿಯುತ್ತಿತ್ತು.
ನಿನ್ನಮ್ಮ ಅಂಗಿ ಬೇಲಿಗೇ ನೇತುಹಾಕಿಸುತ್ತಿದ್ದಳು,
ಒಳಗೆ ತಂದರೆ ಕೂಸು ಸೀನುತ್ತದೆ ಅಂತ.'

ಕೂಸು, ಅಂದರೆ ನಾನು.

ಆಮೇಲೆ ಒಂದು ಗುಟುಕು.
ಹುಣಸೆ ಕಚ್ಚಿದವನ ಮುಖ. ಉಗುಳಲಿಲ್ಲ.
ಇನ್ನೊಂದು ಗುಟುಕು. ನಾಲಿಗೆ ಅಂಗಳಕ್ಕೊತ್ತಿ ಕಾದ,
ಗೋಡೆ ತಟ್ಟಿ ಟೊಳ್ಳು ಹುಡುಕುವ ಗಾರೆಯವನಂತೆ.
'ಕೊನೆಗೆ ಈರುಳ್ಳಿ ಇದೆ.'

ಇಲ್ಲ ಅಂದೆ.
ಚೀಟಿಯಲ್ಲಿ ಈರುಳ್ಳಿ ಇಲ್ಲ. ನಾನು ಓದಿ ಕಲಿತವಳು,
ಸರ್ಟಿಫಿಕೇಟು ಗೋಡೆಯಲ್ಲಿ ತೂಗುತ್ತಿದೆ.

'ಹಸಿಯದಲ್ಲ. ಹುರಿದು ಮುಚ್ಚಿಟ್ಟದ್ದು.
ಎರಡು ದಿನ ತಡವಾಗಿ ಕೊಯ್ದಿದ್ದಾರೆ ರೊಸಾಲ್ವಾ.
ಕಾಲುವೆ ಪಕ್ಕದ ತುಂಡಿನದು.
ಅಲ್ಲಿ ಇಬ್ಬನಿ ಆರುವುದೇ ಹತ್ತು ಗಂಟೆಗೆ,
ಮೇಸ್ತ್ರಿ ಯಾವತ್ತೂ ಅದನ್ನು ಕೊನೆಗಿಡುತ್ತಾನೆ.'

ತೋಟದ ಟೆಸಿಯೆ ಸಾಹೇಬರಿಗೆ ಫೋನು ಮಾಡಿದೆ,
ಅಪ್ಪನಿಗೆ ಕೇಳಲೆಂದೇ ಸ್ಪೀಕರಿನಲ್ಲಿ.
ಪುಟ ತಿರುವುವ ಸದ್ದು. ಒಂದು ಕೆಮ್ಮು.
'ಕಾಲುವೆ ಕಡೆಯದೇ. ಯಂತ್ರದ ಬೆಲ್ಟು ಹರಿದಿತ್ತು,
ಬುಧವಾರದ ಕೊಯ್ಲು ಶುಕ್ರವಾರಕ್ಕೆ ಹೋಯಿತು.
ನಿನಗೆ ಹೇಳಿದ್ದು ಯಾರು?'

ಅಪ್ಪ ಟೋಪಿಯ ಅಂಚನ್ನು ನೋಡುತ್ತಿದ್ದ.
ನೂರ ನಾಲ್ಕು, ಅಂದೆ.
ಆ ಕಡೆಯಿಂದ ಏನೂ ಬರಲಿಲ್ಲ.

ಫೋನಿಟ್ಟು ನಾನೂ ಒಂದು ಗುಟುಕು ಕುಡಿದೆ.
ಪೀಚು ಎಲ್ಲಿಗೆ ಹೋಯಿತೋ.
ಈಗ ಇಡೀ ಬಾಯಿಗೆ ಈರುಳ್ಳಿಯೇ,
ಕೇಳಿಬಿಟ್ಟ ಮಾತಿನ ಹಾಗೆ.

ಹಾಗಾದರೆ ಕೆಟ್ಟಿದೆಯಾ ಅಪ್ಪ?

ಖಾಲಿ ಲೋಟ ನನ್ನತ್ತ ತಳ್ಳಿದ.
'ಕೆಟ್ಟಿದೆ ಅಂದೆನಾ? ಈರುಳ್ಳಿ ಇದೆ ಅಂದೆ.
ಇನ್ನರ್ಧ ಹಾಕು. ನೋಡಿ ಹೇಳುತ್ತೇನೆ.'