ಎರಡು ಸೆಂಟಿಮೀಟರ್ ಬಾಗಿಲು

ಓಟ್ಸ್ ಡಬ್ಬಿಯ ರಟ್ಟಿನಲ್ಲಿ ನಾನೇ ಕೊರೆದ ಸೀಳು,
ಸರಿಯಾಗಿ ಎರಡು ಸೆಂಟಿಮೀಟರ್.
ಇದರೊಳಗೆ ನುಸುಳಿದ್ದು ಕಾಗದ,
ನುಸುಳದ್ದು ಪಾರ್ಸೆಲ್.
ಅಂಚೆಯವರಿಗೆ ಜಗತ್ತಿನಲ್ಲಿರುವುದು ಇವೆರಡೇ ಜಾತಿ.

ನಾನು ಮಾರುವುದು ಕಳೆದುಹೋದದ್ದನ್ನು.
ಅಂದರೆ, ನಿಮ್ಮ ಮನೆಯಲ್ಲಿ ಕಳೆದದ್ದರ ಜೋಡಿ
ನನ್ನ ಗ್ಯಾರೇಜಿನಲ್ಲಿರುತ್ತದೆ:
ಹಳೆ ಸಾಮಾನಿನಂಗಡಿಯಿಂದ ಡಾಲರಿಗೊಂದರಂತೆ ತಂದ
ಅರೆಬರೆ ಆಟಗಳು, ಮೂಲೆ ಹರಿದ ಪೆಟ್ಟಿಗೆಗಳು,
ಹಸಿರು ದಾಳ, ಪದ ಕಟ್ಟುವ ಆಟದ ಒಂಟಿ ಅಕ್ಷರ,
ನಾಯಿ ನುಂಗಿದ ಕಾಯಿಗೆ ಬದಲಿ ಕಾಯಿ.
ಬೆಲೆ ಎರಡು ಡಾಲರ್. ಸಾಗಣೆ ಹತ್ತು ಚಿಲ್ಲರೆ.
ಮೂಗಿಗಿಂತ ಮೂಗುತಿ ಭಾರ.
ಅದಕ್ಕೇ ಈ ಸೀಳು.

ಇಪ್ಪತ್ತಾರು ವರ್ಷ ಬರ್ನಿಯ ಮಿಲ್ಲಿನಲ್ಲಿ ಕಾಗದ ಮಾಡಿದ ಕೈ ಇದು.
ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಉಜ್ಜಿ ಹೇಳುತ್ತಿದ್ದೆ
ಎಂಬತ್ತು ಗ್ರಾಮಿನದೋ ನೂರಿಪ್ಪತ್ತರದೋ,
ಎಳೆ ಯಾವ ದಿಕ್ಕಿಗೆ ಮಲಗಿದೆಯೋ.
ಮಿಲ್ಲು ಮುಚ್ಚಿತು. ಈಗ ಬರುವುದೆಲ್ಲ ಪ್ಲಾಸ್ಟಿಕ್ ಚೀಲ,
ಬೆರಳಿಗೆ ಏನೂ ಹೇಳುವುದಿಲ್ಲ,
ಮೂಕ.
ಗುಳ್ಳೆಹಾಸಿನ ಲಕೋಟೆಗೆ ಹೊಟ್ಟೆ ಜಾಸ್ತಿ, ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ.
ರಟ್ಟಿನದು ಸಪೂರ, ಬಾಗುವುದಿಲ್ಲ, ಅದೇ ನನಗಿಷ್ಟ;
ಇನ್ನೂರರ ಕಟ್ಟು ತರಿಸಿದರೆ ಅಗ್ಗ,
ಇನ್ನೂರು ಮುಗಿಯುವ ತನಕ ನಾನಿರಬೇಕು ಅಷ್ಟೆ.

ವಿಳಾಸದ ಚೀಟಿಗೊಂದು ಪುಟ್ಟ ಯಂತ್ರ ಕೊಂಡೆ.
ಶಾಯಿ ಬೇಡ, ಬಿಸಿಯಲ್ಲೇ ಬರೆಯುತ್ತದೆ.
ಒಮ್ಮೆ ಕಾರಿನ ಗಾಜಿನ ಹಿಂದೆ ಮರೆತು ಬಿಟ್ಟೆ:
ಡಾರ್ವಿನ್ನಿಗೆ ಹೋಗಬೇಕಿದ್ದವರ ಹೆಸರು
ಬಿಸಿಲಲ್ಲಿ ಪೂರ್ತಿ ಕಪ್ಪಾಗಿ ಕೂತಿತ್ತು.
ಅಲ್ಲಿಂದೀಚೆ ಪೆನ್ನನ್ನು ಕಿವಿಯ ಮೇಲಿಂದ ಇಳಿಸಿಲ್ಲ.

ಹೋದ ವಾರ ಕುದುರೆ ಬೇಕೆಂದು ಬರೆದಳು ಟ್ಯಾನ್ಸಿ,
ಹನ್ನೊಂದು ವರ್ಷ, ಕ್ವೀನ್ಸ್‌ಲ್ಯಾಂಡಿನ ಒಳನಾಡು.
ಬೀದಿಯಿಲ್ಲ, ಮನೆ ನಂಬರಿಲ್ಲ,
ದನದ ಬಯಲಿನ ಹೆಸರಷ್ಟೇ; ಟಪಾಲಿನ ವಿಮಾನ ಗುರುವಾರ.
'ಲಾಯದಲ್ಲಿ ಹದಿನಾಲ್ಕಿವೆ, ಹಲಗೆಯ ಮೇಲೆ ಮೂರೇ.
ಸದ್ಯಕ್ಕೆ ಸೋಡಾ ಮುಚ್ಚಳ ಜಿಗಿಯುತ್ತಿದೆ.'

ಪೇದೆಯಾಗಿದ್ದರೆ ಮಾತಿಲ್ಲದೆ ನುಸುಳುತ್ತಿತ್ತು.
ರಾಜನ ಮಾತು ಬಿಡಿ, ಸೋತವನ ಹಾಗೆ ಅಡ್ಡ ಮಲಗಿದರೂ ಹಿಡಿಸುವವನಲ್ಲ.
ಕುದುರೆಯ ಕಿವಿ ಹೋಯಿತು, ಮೂತಿ ಹೋಯಿತು, ಕತ್ತೂ ಹೋಯಿತು,
ಬುಡದಲ್ಲಿ ತಡೆಯಿತು.
ಒಂದೇ ಮಿಲಿಮೀಟರ್.
ಅರ ಕೈಗೆತ್ತಿಕೊಂಡೆ. ಇಟ್ಟೆ.
ಯಾರೋ ಕಡೆದ ಮರ; ಅಂಚೆಯ ಲೆಕ್ಕಕ್ಕಾಗಿ ಗೊರಸು ಕೆತ್ತುವುದೇ?

ಕೌಂಟರಿನಲ್ಲಿ ಮರಿಫೆ, ಎಂದಿನಂತೆ:
'ಒಳಗೆ ಅಪಾಯದ್ದೇನಾದರೂ? ಬ್ಯಾಟರಿ, ಸೆಂಟು, ಜೀವ ಇರುವಂಥದ್ದು?'
'ಒಂದು ಕುದುರೆ' ಎಂದೆ.
ನಗಲಿಲ್ಲ. ತೂಗಿದಳು. ಹದಿನಾಲ್ಕು ಗ್ರಾಂ.
'ಇದು ಅರ್ಧ ಕಿಲೋದ ಚೀಲ.
ಮಿಕ್ಕದ್ದಕ್ಕೂ ನೀವೇ ದುಡ್ಡು ಕೊಡುತ್ತಿದ್ದೀರಿ, ಗಾಳಿಗೆ.
ಇಲೊಯಿಲೊದ ಅಮ್ಮನಿಗೆ ನಾವು ಕಳಿಸುವ ಪೆಟ್ಟಿಗೆಗೆ ತೂಕವೇ ಇಲ್ಲ,
ಮುಚ್ಚಳ ಕೂತರೆ ಸಾಕು.
ಕೂರದಿದ್ದರೆ, ಮೇಲೆ ನಾವು ಕೂರುತ್ತೇವೆ.'
ಹಿಂದೆ ಸಾಲು ಬೆಳೆಯಿತು. ಚೀಲ ವಾಪಸು ತೆಗೆದುಕೊಂಡೆ.

ಅಡುಗೆಮನೆಯ ತಕ್ಕಡಿ ಮೇಲೆ, ಸಂಜೆ,
ಇನ್ನೊಂದು ಕುದುರೆ, ಅಕಸ್ಮಾತ್ ನಾಯಿಗೆ ರುಚಿ ಹತ್ತಿದ್ದರೆ.
ಎರಡು ಆನೆ. ಪೇದೆಗಳ ಹಿಂಡು.
ಒಂದೊಂದಾಗಿ ಮಾರಬಹುದಿತ್ತು, ಗೊತ್ತು.
ಕೊನೆಗೆ ಮಂತ್ರಿ, ಕೊನೆಗೆ ರಾಜ,
ನಾನೂರ ತೊಂಬತ್ತಾರರಲ್ಲಿ ಮುಳ್ಳು ನಿಂತಿತು.
ಅಂಟು ಎಳೆದು, ಚೀಟಿ ಅಂಟಿಸಿ, ಬದಿಯಲ್ಲಿ ಪೆನ್ನಿನಿಂದ:

ಟ್ಯಾನ್ಸಿ, ಆ ಮುಚ್ಚಳ ಎಸೆಯಬೇಡ, ನನಗೆ ಕಳಿಸು.
ಇಲ್ಲೊಂದು ಅಳೆದು ನೋಡಿದೆ.
ಕಾಗದದ ದರದಲ್ಲೇ ಬರುತ್ತದೆ.