ಶಿಫಾರಸು ಪತ್ರ, ಮೂರು ವಾರ ತಡ

ಪ್ರಾಂಶುಪಾಲರಿಗೆ,
ನಿಮ್ಮ ನಮೂನೆಯಲ್ಲಿ ನನಗೆ ಬಿಟ್ಟಿರುವುದು ಐದು ಗೆರೆ.
ಅಭ್ಯರ್ಥಿಯ ಹೆಸರು: ಚೌಡೇಶ್ವರಿ ಎಂ.
ಊರು: ವೇಮಗಲ್ ಹತ್ತಿರ, ಬಸ್ಸಿಳಿದು ಇನ್ನೂ ಎರಡು ಮೈಲಿ.
ಹುದ್ದೆ: ಮಕ್ಕಳ ವಾರ್ಡಿನ ಸಹಾಯಕಿ, ಏಜೆನ್ಸಿ ಮೂಲಕ.
ಎಂಟು ವರ್ಷ; ಪ್ರತಿ ವರ್ಷವೂ
ಹೊಸದಾಗಿ ಸೇರಿದವಳೆಂದೇ ಸಹಿ.

ನಡತೆ ಎಂಬಲ್ಲಿ 'ಉತ್ತಮ' ಎಂದು ಬರೆದು ಪೆನ್ನು ಮುಚ್ಚಿದೆ.
'ಉತ್ತಮ' ಎಂದು ನಾನು ಬೆಡ್‌ಶೀಟುಗಳಿಗೂ ಬರೆದುಕೊಟ್ಟಿದ್ದೇನೆ,
ಒಂದೇ ಒಗೆತಕ್ಕೆ ಹರಿದವಕ್ಕೂ.
ಹಾಗಾಗಿ ಈ ಹಾಳೆ ಬೇರೆ, ಪಿನ್ನು ಹೊಡೆದು ಕಳಿಸುತ್ತಿದ್ದೇನೆ.

ಕೋಲಾರದ ಈ ಆಸ್ಪತ್ರೆಗೆ
ಮಕ್ಕಳು ನಾಲ್ಕು ಭಾಷೆಯಲ್ಲಿ ಅಳುತ್ತಾ ಬರುತ್ತವೆ.
ಮುಳಬಾಗಿಲಿನದಕ್ಕೆ ಅವಳು ತೆಲುಗಿನಲ್ಲಿ ಸುಳ್ಳು ಹೇಳುತ್ತಾಳೆ,
ಕೆಜಿಎಫ್‌ನದಕ್ಕೆ ತಮಿಳಿನಲ್ಲಿ,
ಕ್ಲಾಕ್ ಟವರ್ ಕಡೆಯ ಹುಡುಗನಿಗೆ
ಅವನ ಅಜ್ಜಿಯದೇ ಉರ್ದುವಿನಲ್ಲಿ.
ಇಲ್ಲ, ತಪ್ಪಾಯಿತು. ಸುಳ್ಳು ಹೇಳುವವರು ನಾವು:
'ನೋವಾಗಲ್ಲ ಕಂದ' ಅಂತ.
ಅವಳು, 'ನೋಯ್ತದೆ. ಹತ್ತು ಎಣಿಸೋ ತನಕ.
ಜೋರಾಗಿ ಎಣಿಸು' ಅನ್ನುತ್ತಾಳೆ.
ಏಳು ಬರುವ ಹೊತ್ತಿಗೆ ನನ್ನ ಸೂಜಿ ಒಳಗಿರುತ್ತದೆ.

ಇಂಗ್ಲಿಷ್? ಪಿಯುಸಿಯಲ್ಲಿ ನಲವತ್ತೊಂದು, ಎರಡನೇ ಸಲಕ್ಕೆ.
ಆ ಅಂಕದ ಕೆಳಗೆ ನೀವು ಗೆರೆ ಎಳೆಯುವ ಮುನ್ನ:
ಖಾಲಿ ಡಬ್ಬಿಗಳನ್ನು ಕಸಕ್ಕೆ ಹಾಕುವ ಮೊದಲು
ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ.
ಪ್ಯಾರಾಸಿಟಮಾಲ್ ಅವಳಿಗೆ ಬಂದದ್ದು ತೊಟ್ಟಿಯಿಂದ.
ಮಗುವಿನ ತೂಕಕ್ಕೆ ಅದು ಎಷ್ಟೆಷ್ಟು ಎಂದು ಕೇಳಿದಳು ಒಮ್ಮೆ.
'ನಿನಗ್ಯಾಕೆ, ನೆಲ ಒರೆಸು' ಎಂದದ್ದು ನಾನೇ.
ಒರೆಸಿದಳು. ಮೂಲೆ ಬಿಡದೆ.

ಈಗ, ಬರೆಯಲೇಬೇಕಾದದ್ದು.
ಹೋದ ಮಾಗಿಯಲ್ಲಿ, ರಾತ್ರಿ ಎರಡೂವರೆ,
ಇಪ್ಪತ್ತೆಂಟು ಮಕ್ಕಳಿಗೆ ನಾನೊಬ್ಬಳೇ.
ಹನ್ನೊಂದನೇ ಹಾಸಿಗೆಯ ಕೂಸು ಅಳು ನಿಲ್ಲಿಸಿತ್ತು.
ತಾಯಿ, ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಆರಿಸುವವಳು,
ಕೂತಲ್ಲೇ ತೂಕಡಿಸಿದ್ದಳು.
ಕೇಸ್ ಶೀಟಿನಲ್ಲಿ ಬರೆದೆ: ಮಗು ನಿದ್ರಿಸುತ್ತಿದೆ.
ಚೌಡೇಶ್ವರಿ ಬಕೆಟ್ಟು ಕೆಳಗಿಟ್ಟು
ಹೊದಿಕೆ ಸರಿಸಿ, ಅಂಗಿ ಎತ್ತಿ,
ಗೋಡೆ ಗಡಿಯಾರ ನೋಡುತ್ತಾ ತುಟಿಯಲ್ಲೇ ಎಣಿಸಿ
ನನ್ನ ಮೇಜಿನೆದುರು ಬಂದು ನಿಂತಳು.
'ಸಿಸ್ಟರ್, ಪಕ್ಕೆ ಒಳಕ್ಕೋಗ್ತೈತೆ. ನಿಮಿಷಕ್ಕೆ ಎಪ್ಪತ್ತೆರಡು.
ನಿದ್ದೆ ಅಲ್ಲ ಅದು, ಸುಸ್ತು.'

ಆಮೇಲೆ ಆಕ್ಸಿಜನ್, ಓಟ, ಡಾಕ್ಟರಿಗೆ ಫೋನು.
ಮೂರನೇ ದಿನ ಕೂಸು ಹಾಲಿಗೆ ಬಾಯಿ ಹಾಕಿತು.
ಕೇಸ್ ಶೀಟಿನಲ್ಲಿ ಅವಳ ಹೆಸರಿಲ್ಲ,
ಸಹಾಯಕಿಯರಿಗೆ ಅಲ್ಲಿ ಕಾಲಂ ಇಲ್ಲ.
ಇರುವುದು ನನ್ನ ಸಹಿ,
ಅದರ ಮೇಲೆ ಹೊಡೆದುಹಾಕಿದ ಎರಡು ಪದ.

ಎಲ್ಲ ಕೂಸುಗಳೂ ಹಾಲಿಗೆ ಬಾಯಿ ಹಾಕುವುದಿಲ್ಲ.
ಅಂಥ ದಿನ ಆ ಪುಟ್ಟ ಮೈ ಒರೆಸುವವಳೂ ಅವಳೇ,
ಬಿಸಿನೀರು ಕಾಯಿಸಿ ತಂದು.
ತಣ್ಣೀರು ಸಾಕಲ್ಲವೇ ಎಂದೆ.
'ತಾಯಿ ಮುಟ್ಟಿ ನೋಡ್ತಾಳಲ್ಲ ಸಿಸ್ಟರ್' ಅಂದಳು.

ತಡವಾದ ಕಾರಣ. ಅಂಚೆ ಎಂದು ಬರೆಯಬಹುದಿತ್ತು.
ನಿಮ್ಮ ನಮೂನೆ ಮೂರು ವಾರ ನನ್ನ ಡ್ರಾಯರಿನಲ್ಲಿತ್ತು,
ಗ್ಲೌಸಿನ ಡಬ್ಬಿಯ ಕೆಳಗೆ.
ದಿನಾ ಆ ಮೇಜು ಒರೆಸಿದಳು. ಕೇಳಲಿಲ್ಲ.
ಇವಳು ಹೋದರೆ ರಾತ್ರಿ ಪಾಳಿಗೆ ನನಗ್ಯಾರು
ಎಂಬುದೊಂದೇ ಲೆಕ್ಕವನ್ನು
ಮೂರು ವಾರ ಕೂಡಿದೆ, ಕಳೆದೆ,
ನಾಚಿಕೆಯಷ್ಟೇ ಶೇಷ ಉಳಿಯಿತು.

ವಯಸ್ಸು ಮೂವತ್ತೊಂದು. ಮಗಳು ನಾಲ್ಕನೇ ತರಗತಿ.
ಹಾಸ್ಟೆಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ ಎಂದಿದ್ದೀರಿ,
ನನ್ನ ಮನೆಯಲ್ಲಿದೆ.

ಒಂದೇ ಎಚ್ಚರ. ಮೊದಲ ವರ್ಷ ಅವಳು ಮಾತಾಡುವುದಿಲ್ಲ,
ಬೋರ್ಡು ನೋಡುತ್ತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ.
ಆದರೆ 'ಯಾಕೋ ಸರಿಯಿಲ್ಲ' ಅಂದಳೋ,
ಪುಸ್ತಕ ಮುಚ್ಚಿ ಎದ್ದು ಹೋಗಿ ನೋಡಿ.
ನಾನು ಎದ್ದಿದ್ದೆ. ನನ್ನ ಪಾಲಿನದು ಅಷ್ಟೇ.

ಇಂತಿ, ಜಿ. ಸುಗುಣಾಬಾಯಿ,
ಶುಶ್ರೂಷಾಧಿಕಾರಿ, ಮಕ್ಕಳ ವಾರ್ಡು.
ಮೊಹರು ಹರಡಿದ್ದಕ್ಕೆ ಕ್ಷಮೆಯಿರಲಿ,
ಮೇಜು ಈಗಷ್ಟೇ ಒರೆಸಿದ್ದು.