ನೀರು ಏರಿದ ಗೆರೆ

ಅಪ್ಪ ಮಂಜುಗುಣಿಯ ಕಡವಿನಲ್ಲಿ ಜನ ದಾಟಿಸುತ್ತಿದ್ದ.
ಹಗಲಾದರೆ ತಲೆಗೊಂದು ಚಿಪ್ಪು ಡಬ್ಬಕ್ಕೆ ಹಾಕಿ ಲೆಕ್ಕ;
ಸೊಂಟದ ಮೇಲಿನ ಕೂಸಿಗೆ ಚಿಪ್ಪಿಲ್ಲ,
ಬಸುರಿಗೆ ಒಂದೇ.
ಕತ್ತಲಾದ ಮೇಲೆ, ಕಡೇ ಬಸ್ಸಿನವರು ಓಡಿಬಂದು ಹತ್ತಿದಾಗ
ಯಾರ ಮುಖವನ್ನೂ ನೋಡುತ್ತಿರಲಿಲ್ಲ.
ಬಗ್ಗಿ, ದೋಣಿಯ ಹೊರಮೈಗೆ ಅಂಗೈ ಹಚ್ಚಿ,
ನೀರು ಯಾವ ಹಲಗೆಯ ತನಕ ಏರಿದೆಯೆಂದು ಮುಟ್ಟಿ
"ಹದಿನೇಳು" ಎನ್ನುತ್ತಿದ್ದ.
ಆಚೆ ದಡದಲ್ಲಿ ಇಳಿಯುವವರನ್ನು ನಾನು ಎಣಿಸುತ್ತಿದ್ದೆ:
ಹದಿನಾರು ಮಂದಿ,
ಒಂದು ಮೀನಿನ ಬುಟ್ಟಿ.

ಈಗ ಕಾರವಾರದಲ್ಲಿ ನನಗೊಂದು ಕುರ್ಚಿ,
ಸಂಖ್ಯಾ ಸಂಗ್ರಹಣದ ಕಚೇರಿ, ಎರಡನೇ ಮಹಡಿ.
ಕಿಟಕಿ ತೆರೆದರೆ ಕಾಗದಕ್ಕೆಲ್ಲ ಕಡಲಿನ ಜಿಗುಟು.
ಹನ್ನೊಂದರ ಗಣತಿ, ಬೆಳೆದ ಹುಡುಗನ ಹಳೇ ಅಂಗಿ;
ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ.
"ಈಗ ಎಷ್ಟು ಜನ?" ಮೇಲಿನ ಪತ್ರ ಕೇಳುತ್ತದೆ,
"ಮನೆಮನೆಗೆ ಹೋಗತಕ್ಕದ್ದಲ್ಲ. ಇರುವ ದಾಖಲೆಗಳಿಂದಲೇ
ಸೋಮವಾರದೊಳಗೆ ತಿಳಿಸತಕ್ಕದ್ದು."

ತರಿಸಿದೆ. ಪಡಿತರದ ಪಟ್ಟಿ, ಜನನ ಮರಣದ ವಹಿ,
ಶಾಲೆಯ ಹಾಜರಿ, ಅಂಗನವಾಡಿಯ ಮೊಟ್ಟೆ ಪುಸ್ತಕ,
ಹೆಸ್ಕಾಂ ಮೀಟರು, ಬೈತಖೋಲ ಬಂದರಿನ ಡೀಸೆಲ್ ಪಾಸು.
ಒಂದರ ಮೇಲೊಂದಿಟ್ಟು ಹೊಂದಿಸಿದರೆ
ಅರ್ಧ ತಾಲೂಕು ಹುಟ್ಟಿದ್ದು ಜೂನ್ ಒಂದಕ್ಕೆ,
ಮಾಸ್ತರರ ಪೆನ್ನಿನಿಂದ, ಎಲ್ಲರದೂ ಒಂದೇ ಹೆರಿಗೆ.
ಬೀರಾ, ಬೀರು, ಬೀರಯ್ಯ: ಮೂವರೋ, ಒಬ್ಬನೋ?
ಫೋನ್ ನಂಬರು ಮಾತ್ರ ಒಂದೇ. ಮಾಡಿದೆ.
"ಇಬ್ಬರು ನಾವು ಅಣ್ಣತಮ್ಮ" ಎಂದ ಎತ್ತಿದವ,
"ಮೂರನೇದು ಅಪ್ಪ. ಫೋನು ಅತ್ತಿಗೇದು."
ಚೆಂಡಿಯಾದ ಮಾಲಿನಿ ಪಡ್ತಿ ಗಂಡನ ಊರಲ್ಲೂ ಇದ್ದಾಳೆ,
ತವರಲ್ಲೂ ಇದ್ದಾಳೆ;
ಅವಳನ್ನೇ ಕೇಳಿದ್ದರೂ ಹಾಗೇ ಹೇಳುತ್ತಿದ್ದಳೇನೋ.

ಟ್ರಾಲರು ಹತ್ತಲು ಬಂದ ಒಡಿಶಾದ ಹುಡುಗರು
ಯಾವ ಪುಸ್ತಕದಲ್ಲೂ ಇಲ್ಲ.
ಆದರೆ ಬಂದರಿನ ಹಿಂದೆ ಮೂರು ಕೋಣೆ, ಒಂದು ಮೀಟರು:
ಜುಲೈಗೆ ಸೊನ್ನೆ, ಆಗಸ್ಟಿಗೆ ಇನ್ನೂರ ಹತ್ತು.
ಅಂಗೈ ಹಚ್ಚಿದ ಹಾಗೆ ಕಣ್ಣು ಮುಚ್ಚಿ
ನಲವತ್ತು ಎಂದುಕೊಂಡೆ.
ಆದೇಶ ಮೀರಿ ಸಂಜೆ ಹೋಗಿ ನೋಡಿದರೆ ಮೂವತ್ತೆಂಟು,
ಮತ್ತೊಂದು ದೊಡ್ಡ ಫ್ರಿಜ್ಜು.

ಶುಕ್ರವಾರದ ಹೊತ್ತಿಗೆ ಎಲ್ಲ ಕೂಡಿಬಂತು,
ಒಂದು ಸಾಲು ಬಿಟ್ಟು.
ಗಣಪು ತಾಂಡೇಲ, ನಲವತ್ತೊಂದು, ಕೋಡಿಬಾಗ.
ಪಡಿತರದಲ್ಲಿ ಇದ್ದಾನೆ.
ಮರಣದ ವಹಿಯಲ್ಲಿ ಇಲ್ಲ.
ಡೀಸೆಲ್ ಪಾಸಿನಲ್ಲಿ ಮೂರು ವರ್ಷದಿಂದ ಸಹಿ ಇಲ್ಲ.
ದೋಣಿ ಸಿಕ್ಕಿತ್ತು, ಇಬ್ಬರು ಸಿಕ್ಕಿದ್ದರು.
ದೇಹವಿಲ್ಲದೆ ದಾಖಲೆಯಿಲ್ಲ, ಏಳು ವರ್ಷ ಕಾಯಬೇಕು;
ಅಲ್ಲಿಯ ತನಕ ಅವನನ್ನು
ಯಾವ ವಾರ್ಡಿಗೆ ಸೇರಿಸಲಿ?

ಸೂತ್ರಕ್ಕೆ ಅಳುಕಿಲ್ಲ. ಒಂದು ವಹಿಯಲ್ಲಿದ್ದು
ಉಳಿದವುಗಳಲ್ಲಿ ಇಲ್ಲದವನಿಗೆ
ಸೊನ್ನೆ ಬಿಂದು ಮೂರು ಎಂದು ಕೊಡುತ್ತದೆ.
ಹತ್ತರಲ್ಲಿ ಮೂರು ಪಾಲು ಗಣಪು.
ಅಂಥ ಚೂರುಗಳು ಜಿಲ್ಲೆಯ ತುಂಬ ಇವೆ,
ಕೂಡಿಸುತ್ತ ಹೋದರೆ
ಒಂದಷ್ಟು ಇಡೀ ಮನುಷ್ಯರಾಗುತ್ತಾರೆ,
ಯಾರ ಮುಖವೂ ಇಲ್ಲದವರು.

ಅವನ ಹೆಂಡತಿ ಶೇವಂತಿಯನ್ನು ಕರೆಸಿದ್ದೆ.
ಕೂರೆಂದರೂ ಕೂರಲಿಲ್ಲ.
"ಅವರ ಪಾಲಿನ ಅಕ್ಕಿ ಬೇಕಾದ್ರೆ ನಿಲ್ಸಿ, ಸಾಹೇಬ್ರೆ.
ಹೆಸ್ರು ಇರ್ಲಿ.
ತಿಂಗ್ಳಿಗೊಂದ್ಸಲ ಅಂಗಡಿಯವ ಅದನ್ನ ಕೂಗಿ ಓದ್ತಾನೆ."

ಷರಾ ಕಾಲಂ ಖಾಲಿ ಇತ್ತು. ಪೆನ್ನು ತೆಗೆದೆ, ಮುಚ್ಚಿದೆ.
ಸೋಮವಾರ ಮೊತ್ತವನ್ನು ಹತ್ತಕ್ಕೆ ಸರಿಮಾಡಿ ಕಳಿಸಿದೆ.

ಮುಂದಿನ ಭಾನುವಾರ ಊರಿಗೆ ಹೋದಾಗ
ಸೇತುವೆಯ ಕೆಳಗೆ, ಕವುಚಿ ಹಾಕಿದ ದೋಣಿಯ ಮೇಲೆ ಕೂತು
ಅಪ್ಪ ಬೀಡಿ ಹಚ್ಚುತ್ತಿದ್ದ.
"ಎಷ್ಟು ಬಂತೋ, ನಿನ್ನ ಲೆಕ್ಕ?"
ಹೇಳಿದೆ, ಎಲ್ಲ ಅಂಕಿಗಳನ್ನೂ ಬಿಡಿಸಿ.
ತುಸು ಹೊತ್ತು ಹೊಳೆ ನೋಡಿದ.
ಆಮೇಲೆ ಕೇಳಿದ:
"ಹತ್ತಿದವ್ರೋ, ಇಳಿದವ್ರೋ?"